ತೊರಪಳ್ಳಿಯ ರಾಜಾಜಿ ಮತ್ತು ಕೆಲಸಕ್ಕೆ ಅಂಟಿದ ಜಾತಿ



ಹೊಸೂರಿನ ಸಮೀಪದ ತೊರಪಳ್ಳಿಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೀರಿ. ಈಗ ಅದು ಕೃಷ್ಣಗಿರಿ ಜಿಲ್ಲೆಯಲ್ಲಿದೆ. 2004ರವರೆಗೆ ಧರ್ಮಪುರಿಗೆ, 1965ಕ್ಕೆ ಮುಂಚೆ ಸೇಲಂ ಜಿಲ್ಲೆಗೆ ಸೇರಿತ್ತು. ಚಕ್ರವರ್ತಿ ರಾಜಗೋಪಾಲಾಚಾರಿಯವರು, ಅಂದರೆ ನಮ್ಮ ರಾಜಾಜಿಯವರು, 1878ರ ಡಿಸೆಂಬರ್ 10ರಂದು ಹುಟ್ಟಿದ್ದು ಈ ಊರಿನಲ್ಲಿಯೇ. ಅವರು ದೇಶದ ಗವರ್ನರ್ ಜನರಲ್ ಆದ ವಿಷಯ ಮಕ್ಕಳ ಪಾಠಪುಸ್ತಕದಲ್ಲಿಯೂ ಬರುತ್ತದೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಒಬ್ಬನಿಗೆ ಕೆಲಸ ಕೊಡುವಾಗ ಅವನ ಹುಟ್ಟನ್ನು ನೋಡಬೇಕೆ ಎಂಬ ಪ್ರಶ್ನೆ ಅವರ ಬಾಳಿನಲ್ಲಿ ಮತ್ತೆ ಮತ್ತೆ ಎದುರಾಯಿತು. ಅಷ್ಟನ್ನು ಮಾತ್ರ ಹೇಳುತ್ತೇನೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಮದರಾಸಿನಲ್ಲಿಯೂ ಓದಿ, 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. 1911ರಲ್ಲಿ ಪುರಸಭೆಯ ಸದಸ್ಯರಾದರು. 1917ರಿಂದ 1919ರವರೆಗೆ ಅಧ್ಯಕ್ಷರಾಗಿದ್ದರು. ಆ ಅವಧಿಯಲ್ಲಿ ಅಗ್ರಹಾರದ ಬೀದಿಗೆ ಕುಡಿಯುವ ನೀರು ಬಿಡುವ ಕೆಲಸಕ್ಕೆ ದಲಿತರೊಬ್ಬರನ್ನು ನೇಮಿಸಿದರು. ಬೀದಿಯವರು ರೇಗಿದರು. ಮಡಿವಂತರ ದೂರು ಬಂದದ್ದು ಅಧ್ಯಕ್ಷರ ಸ್ವಜಾತಿಯವರಿಂದಲೇ. ರಾಜಾಜಿಯವರು ಜಗ್ಗಲಿಲ್ಲ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಅದೇ ಜಾತಿಯವರು ಬೀದಿ ಗುಡಿಸಿದರೆ, ಚರಂಡಿ ಬಳಿದರೆ ಯಾರ ತಕರಾರೂ ಇರುತ್ತಿರಲಿಲ್ಲ. ನೀರಿನ ಕೀಲಿ ಅವರ ಕೈಗೆ ಹೋದಾಗ ಮಾತ್ರ ಗಲಾಟೆ. ಕೆಲಸವನ್ನೇ ಕೊಡದಿರುವುದು ಒಂದು ಬಗೆಯ ತಾರತಮ್ಯ. ಇಂಥವನಿಗೆ ಇಂಥದೇ ಕೆಲಸ ಎಂದು ಗೆರೆ ಎಳೆಯುವುದು ಇನ್ನೊಂದು ಬಗೆ. ಎರಡನೆಯದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮಂಡಿಗಳಲ್ಲಿ ಮೂಟೆ ಹೊರುವವರು ಎಲ್ಲ ಜಾತಿಯವರೂ ಇದ್ದಾರೆ. ಗಲ್ಲಾಪೆಟ್ಟಿಗೆಯ ಮುಂದೆ ಯಾರು ಕೂರುತ್ತಾರೆ, ಅಡುಗೆಮನೆಗೆ ಯಾರು ಹೋಗುತ್ತಾರೆ ಎಂದು ಒಮ್ಮೆ ಎಣಿಸಿ ನೋಡಬಹುದು. ಲೆಕ್ಕ ಬರೆದು ಬದುಕಿದ ನನಗೆ ಹೀಗೆ ಎಣಿಸುವ ಅಭ್ಯಾಸ, ತಪ್ಪು ತಿಳಿಯಬೇಡಿ.

1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳಯದಲ್ಲಿ ಗಾಂಧಿ ಆಶ್ರಮ ಕಟ್ಟಿದರು. ಮಳೆಯಿಲ್ಲದೆ ಕಂಗೆಟ್ಟಿದ್ದ ಸುತ್ತಲಿನ ಹಳ್ಳಿಗಳ ಹೆಂಗಸರಿಗೆ ನೂಲು ನೇಯ್ಗೆಯಿಂದ ನಾಲ್ಕು ಕಾಸು ಸಿಕ್ಕಿತು. ಆಶ್ರಮದಲ್ಲಿ ದಲಿತರೂ ಇತರರೊಂದಿಗೆ ಇದ್ದು ದುಡಿಯುತ್ತಿದ್ದರು.

1937ರಲ್ಲಿ ಅವರು ಮದರಾಸು ಪ್ರಾಂತ್ಯದ ಪ್ರಧಾನಿಯಾದರು. ಆಗ ಮುಖ್ಯಮಂತ್ರಿಯನ್ನು ಹಾಗೆ ಕರೆಯುತ್ತಿದ್ದರು. ಪಾನನಿರೋಧವನ್ನು ಮೊದಲು ಜಾರಿಗೆ ತಂದದ್ದು ನಮ್ಮ ಸೇಲಂ ಜಿಲ್ಲೆಯಲ್ಲಿ, ಆ ವರ್ಷದ ಅಕ್ಟೋಬರ್ 1ರಂದು. ಮರುವರ್ಷ ರೈತರ ಸಾಲ ಪರಿಹಾರದ ಕಾನೂನು ಬಂತು. ಇವೆರಡೂ ಹಿರಿಯರಿಗೆ ಗೊತ್ತು. ಅದೇ 1938ರಲ್ಲಿ ದಲಿತ ನಾಯಕ ಎಂ.ಸಿ. ರಾಜಾ ಅವರ ಪ್ರಯತ್ನದಿಂದ, ರಾಜಾಜಿ ಸರಕಾರದ ಬೆಂಬಲದಿಂದ ಇನ್ನೊಂದು ಕಾನೂನು ಆಯಿತು. ದಲಿತನೆಂಬ ಒಂದೇ ಕಾರಣಕ್ಕೆ ಯಾರೂ ಸರಕಾರಿ ಅಥವಾ ಸ್ಥಳೀಯ ಸಂಸ್ಥೆಯ ಹುದ್ದೆಗೆ ಅನರ್ಹರಲ್ಲ, ಸಾರ್ವಜನಿಕ ಬಾವಿ, ದಾರಿಗಳಿಂದ ಅವರನ್ನು ತಡೆಯುವಂತಿಲ್ಲ ಎಂದು ಅದು ವಿಧಿಸಿತು. ಸೇಲಂನ ಒಂದು ಬೀದಿಯಲ್ಲಿ ಅಧ್ಯಕ್ಷರ ಹಟದಿಂದ ನಿಂತಿದ್ದ ಮಾತು ಈಗ ಇಡೀ ಪ್ರಾಂತ್ಯಕ್ಕೆ ಶಾಸನವಾಯಿತು. ಆದರೆ ಖಾಸಗಿ ಅಂಗಡಿಯ ಕೂಲಿಯಾಳನ್ನು, ಹೊಲದ ಆಳನ್ನು ಹುದ್ದೆಯ ಆ ನಿಯಮ ಮುಟ್ಟಲಿಲ್ಲ.

ಇಂಥವರೇ 1953ರಲ್ಲಿ ಎಡವಿದರು. ಆಗ ಮದರಾಸು ರಾಜ್ಯದ ಮುಖ್ಯಮಂತ್ರಿ. ಶಾಲೆಗಳು ಸಾಲದು, ಹಣವಿಲ್ಲ. ಅದಕ್ಕಾಗಿ ಹಳ್ಳಿಯ ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಪಾಠ, ಉಳಿದ ಹೊತ್ತು ಮನೆಯ ಕಸುಬು ಕಲಿಯುವುದು ಎಂದು ಯೋಜನೆ ಮಾಡಿದರು. ಕಸುಬಿನ ಮೇಲಿನ ಗೌರವದಿಂದ ಹೀಗೆ ಮಾಡಿದೆನೆಂಬುದು ಅವರ ಸಮರ್ಥನೆ. ವಿರೋಧಿಗಳು ಅದಕ್ಕೆ ಕುಲಕಲ್ವಿ ಎಂದು ಹೆಸರಿಟ್ಟರು. ಪೆರಿಯಾರ್ ಅವರ ಕಡೆಯವರು ಬೀದಿಗಿಳಿದರು. ಅಗಸನ ಮಗ ಅಗಸ, ಚಮ್ಮಾರನ ಮಗ ಚಮ್ಮಾರನಾಗಿಯೇ ಉಳಿಯಬೇಕೆ ಎಂಬುದು ಅವರ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆ ನ್ಯಾಯವಾದದ್ದು. ಕಾಯಕವನ್ನು ನಾವೂ ಗೌರವಿಸುತ್ತೇವೆ. ಆದರೆ ಶರಣರ ಕಾಯಕ ಹುಟ್ಟಿನಿಂದ ಬಂದ ಕಟ್ಟಲ್ಲ. ಮೋಳಿಗೆ ಮಾರಯ್ಯನವರು ಕಾಶ್ಮೀರದ ಸಿಂಹಾಸನ ಬಿಟ್ಟು ಬಂದು ಸೌದೆ ಮಾರಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಅದು ಅವರೇ ಆರಿಸಿಕೊಂಡ ಕಾಯಕ.

1954ರಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು. ನಂತರ ಬಂದ ಕಾಮರಾಜರು ಆ ಯೋಜನೆಯನ್ನು ರದ್ದು ಮಾಡಿದರು. ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ, 1972ರ ಡಿಸೆಂಬರ್ 25ರಂದು ಮದರಾಸಿನಲ್ಲಿ ತೀರಿಕೊಂಡರು. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆಯನ್ನು ಸರಕಾರ ಸ್ಮಾರಕವಾಗಿ ಉಳಿಸಿದೆ. ಹೊಸೂರು ಕಡೆ ಹೋಗುವ ಭಕ್ತರು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿಬರಬಹುದು.