ಗಿಟಾರ್ ತಂತಿಯಿಂದ ಕಿಡ್ನಿಯವರೆಗೆ

ಚಾರ್ಲ್ಸ್ ಡಾಟರ್ ಓದಿದ್ದು ವೈದ್ಯಕೀಯ. ಆದರೆ ಅವರ ಬದುಕಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನಗೆ ಕಂಡದ್ದು ಒಬ್ಬ ಪಕ್ಕಾ ಮೆಕ್ಯಾನಿಕ್.

1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿದ ಡಾಟರ್, 32ನೇ ವಯಸ್ಸಿಗೇ ಒರೆಗಾನ್ ವೈದ್ಯಕೀಯ ಕಾಲೇಜಿನ ರೇಡಿಯಾಲಜಿ ವಿಭಾಗದ ಮುಖ್ಯಸ್ಥರಾದರು. ಎಕ್ಸ್-ರೇ ನೋಡಿ ವರದಿ ಬರೆಯುವುದಷ್ಟೇ ಆ ವಿಭಾಗದ ಕೆಲಸ ಎಂದು ನಂಬಿದ್ದ ಕಾಲ ಅದು. ಚಿತ್ರ ತೆಗೆಯಲು ರಕ್ತನಾಳದೊಳಗೆ ಹೋಗುವ ಕೊಳವೆಯಿಂದಲೇ ನಾಳವನ್ನು ರಿಪೇರಿ ಮಾಡಲಾಗದೇ ಎಂದು ಅವರು ಯೋಚಿಸಿದರು. ಗಿಟಾರ್ ತಂತಿಗಳನ್ನೂ ಬಳಸಿ ತಮ್ಮ ಉಪಕರಣಗಳನ್ನು ತಾವೇ ಮಾಡಿಕೊಂಡರು.

1964ರ ಜನವರಿ 16. ಕಾಲು ಕೊಳೆಯುತ್ತಿದ್ದ 82 ವರ್ಷದ ಅಜ್ಜಿಯೊಬ್ಬರು ಕಾಲು ಕತ್ತರಿಸಲು ಒಪ್ಪಿರಲಿಲ್ಲ. ಡಾಟರ್ ತೊಡೆಯ ನಾಳಕ್ಕೆ ತಂತಿ ತೂರಿಸಿ, ಅದರ ಮೇಲೆ ಕೊಳವೆ ಜಾರಿಸಿ, ಕಟ್ಟಿದ್ದ ದಾರಿ ಬಿಡಿಸಿದರು. ಕಾಲು ಉಳಿಯಿತು. ಆದರೂ ತಮ್ಮ ದೇಶದಲ್ಲೇ ಹುಚ್ಚನೆನಿಸಿಕೊಂಡರು. ವಿಧಾನವನ್ನು ಮೊದಲು ಕೈಗೆತ್ತಿಕೊಂಡದ್ದು ಯುರೋಪ್. ಡಾಟರ್ ನಿಲ್ಲಲಿಲ್ಲ, ನಾಯಿಯ ರಕ್ತನಾಳದಲ್ಲಿ ಲೋಹದ ಸುರುಳಿ ಇಟ್ಟು ನೋಡಿ 1969ರಲ್ಲಿ ಪ್ರಕಟಿಸಿದರು. ಇಂದಿನ ಸ್ಟೆಂಟ್‌ನ ಬೀಜ ಅದು. 1977ರಲ್ಲಿ ಜೂರಿಕ್‌ನಲ್ಲಿ ಗ್ರುಂಟ್‌ಸಿಗ್ ಎಂಬ ವೈದ್ಯರು ಕೊಳವೆಯ ತುದಿಯ ಬಲೂನಿನಿಂದ ಹೃದಯದ ನಾಳವನ್ನೇ ತೆರೆದರು. ಡಾಟರ್ 1985ರಲ್ಲಿ ತೀರಿಕೊಂಡರು.

ಆಳಂದ, ಅಫಜಲಪುರ, ಜೇವರ್ಗಿಯವರಾದ ನಮಗೆ ಇದು ದೂರದ ಕಥೆಯಲ್ಲ. ಬೈಕ್ ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿದಾಗ ದೇಹ ಥಟ್ಟನೆ ನಿಲ್ಲುತ್ತದೆ, ಒಳಗೆ ಕಿಡ್ನಿ ಜಗ್ಗುತ್ತದೆ. ಅದರ ರಕ್ತನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಬಹುದು. ಹೊರಗೆ ಗಾಯವೇ ಕಾಣದಿರಬಹುದು. ಸಿ.ಟಿ. ಸ್ಕ್ಯಾನ್‌ನಲ್ಲಿ ಬೇಗ ಗೊತ್ತಾದರೆ, ಕೆಲವರಿಗೆ ಹೊಟ್ಟೆ ಕೊಯ್ಯದೆ ತೊಡೆಸಂದಿಯಿಂದಲೇ ತಂತಿ ಕಳುಹಿಸಿ ಸ್ಟೆಂಟ್ ಇಡಬಹುದು. ಕವಲು ನಾಳ ಸೋರುತ್ತಿದ್ದರೆ ಪುಟ್ಟ ಸುರುಳಿ ತುಂಬಿ ನಿಲ್ಲಿಸಬಹುದು. ಆದರೆ ರಕ್ತ ಸಿಗದ ಕಿಡ್ನಿ ತಾಳುವುದು ಕೆಲವೇ ಗಂಟೆ. ಜೇವರ್ಗಿಯಿಂದ ಭೀಮೆ ದಾಟಿ ಕಲಬುರಗಿಗೆ ಸುಮಾರು 40 ಕಿ.ಮೀ. ಅಲ್ಲಿಂದಲೂ ಸೊಲ್ಲಾಪುರ, ಹೈದರಾಬಾದ್ ಎಂದು ಹೊರಟರೆ ಆ ಗಂಟೆಗಳು ರಸ್ತೆಯಲ್ಲೇ ಮುಗಿಯುತ್ತವೆ.

ಬಿ.ಇ. ಮುಗಿಸಿ ಬೆಂಗಳೂರಿನ ಬಸ್ ಹತ್ತುವುದೊಂದೇ ದಾರಿ ಎಂದುಕೊಂಡ ಗೆಳೆಯರು ಡಾಟರ್ ಬದುಕನ್ನು ಒಮ್ಮೆ ಓದಬೇಕು. ತಂತಿ, ಕೊಳವೆ, ಸ್ಟೆಂಟ್, ಎಕ್ಸ್-ರೇ ಯಂತ್ರ ಎಲ್ಲವೂ ನಮ್ಮ ವಿದ್ಯೆಯ ಕೆಲಸಗಳೇ. ಅವುಗಳ ಬೆಲೆ ಇಳಿಸಿ, ನಮ್ಮ ಜಿಲ್ಲೆಯಲ್ಲೇ ಹಗಲಿರುಳು ಕೆಲಸಕ್ಕೆ ಸಿಗುವಂತೆ ಮಾಡುವುದೂ ಒಂದು ಉದ್ಯೋಗವೇ.