ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿದ ಅನಿಚ್ಕೊವ್: ವಾಟ್ಸ್ಆ್ಯಪ್ ಹೇಳದೆ ಬಿಟ್ಟ ಕತೆ

ಕೊಲೆಸ್ಟ್ರಾಲ್‌ನಿಂದ ಹಾರ್ಟ್ ಅಟ್ಯಾಕ್ ಅನ್ನೋದು ಔಷಧ ಕಂಪನಿಗಳ ಕಟ್ಟುಕತೆ, ಸೊಪ್ಪು ತಿನ್ನುವ ಮೊಲಗಳ ಮೇಲೆ ಮಾಡಿದ ಪ್ರಯೋಗದಿಂದ ಹುಟ್ಟಿದ್ದು ಎನ್ನುವ ಸಂದೇಶವನ್ನು ತ್ಯಾವಣಿಗೆಯ ಓದುಗರೊಬ್ಬರು ನಮಗೆ ಕಳಿಸಿದ್ದಾರೆ. ಅದನ್ನು ಓದಿ ಅವರ ತಂದೆ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿ ಹದಿನೈದು ದಿನವಾಯಿತಂತೆ.

ಮೊಲದ ಮಾತು ನಿಜ. ಉಳಿದದ್ದು?

ನಿಕೊಲಾಯ್ ಅನಿಚ್ಕೊವ್ 1885ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದರು. ಅಲ್ಲಿನ ಮಿಲಿಟರಿ ವೈದ್ಯಕೀಯ ಅಕಾಡೆಮಿಯಲ್ಲಿ ಓದಿ 1909ರಲ್ಲಿ ವೈದ್ಯರಾದರು. ಅದೇ ಊರಿನಲ್ಲಿ ಇಗ್ನಾತೊವ್ಸ್ಕಿ ಎಂಬುವವರು ಮೊಲಗಳಿಗೆ ಮಾಂಸ, ಮೊಟ್ಟೆ, ಹಾಲು ಕೊಟ್ಟು ರಕ್ತನಾಳ ಕೆಡುವುದನ್ನು ಕಂಡಿದ್ದರು. ತಪ್ಪು ಪ್ರೊಟೀನಿನದು ಎಂದುಕೊಂಡಿದ್ದರು. ಅನಿಚ್ಕೊವ್ ತಮ್ಮ ವಿದ್ಯಾರ್ಥಿ ಖಲಾತೊವ್ ಜೊತೆ ಸೇರಿ ಶುದ್ಧ ಕೊಲೆಸ್ಟ್ರಾಲನ್ನೇ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ತಿನ್ನಿಸಿದರು. ಕೆಲವು ಮೊಲಗಳಿಗೆ ಬರೀ ಎಣ್ಣೆ. ಎಣ್ಣೆ ತಿಂದವು ಚೆನ್ನಾಗಿದ್ದವು, ಕೊಲೆಸ್ಟ್ರಾಲ್ ತಿಂದವುಗಳ ರಕ್ತನಾಳದ ಗೋಡೆಯಲ್ಲಿ ಕೊಬ್ಬು ತುಂಬಿದ ಕಣಗಳು ಕೂತಿದ್ದವು. ಇದು ಪ್ರಕಟವಾದದ್ದು 1913ರಲ್ಲಿ. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ, ಅಂದರೆ ಹೆಚ್ಚುಕಮ್ಮಿ ನಮ್ಮದೇ ವಯಸ್ಸು!

ಇಲಿ, ನಾಯಿಗಳಲ್ಲಿ ಹೀಗಾಗಲಿಲ್ಲ. ಅವುಗಳ ಲಿವರ್ ಹೆಚ್ಚಾದ ಕೊಲೆಸ್ಟ್ರಾಲನ್ನು ಪಿತ್ತವಾಗಿಸಿ ಹೊರಹಾಕುತ್ತದೆ. ಹಾಗಾಗಿ ಬಹಳ ವರ್ಷ ಅನಿಚ್ಕೊವ್ ಮಾತನ್ನು ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ಕೊಲೆಸ್ಟ್ರಾಲ್ ಒಂದೇ ಕಾರಣ ಎಂದು ಅನಿಚ್ಕೊವ್ ಕೂಡ ಹೇಳಿರಲಿಲ್ಲ, ರಕ್ತದೊತ್ತಡವೂ ಸೇರುತ್ತದೆ ಎಂದಿದ್ದರು. ಅದನ್ನೂ ಫಾರ್ವರ್ಡ್ ಹೇಳುವುದಿಲ್ಲ.

ಕೊಬ್ಬು ರಕ್ತದಲ್ಲಿ ಕರಗದು. ಅದಕ್ಕೇ ಪ್ರೊಟೀನಿನ ಪೊಟ್ಟಣದಲ್ಲಿ ಓಡಾಡುತ್ತದೆ, ಅದೇ ಲೈಪೋಪ್ರೊಟೀನ್. 1950ರಲ್ಲಿ ಅಮೆರಿಕದ ಗಾಫ್‌ಮನ್ ರಕ್ತವನ್ನು ಅತಿ ವೇಗವಾಗಿ ತಿರುಗಿಸಿ ಈ ಪೊಟ್ಟಣಗಳನ್ನು ಬೇರ್ಪಡಿಸಿ ತೋರಿಸಿದರು. ಅದರಲ್ಲಿ ಎಲ್‌ಡಿಎಲ್ ಜಾಸ್ತಿಯಾದರೆ ಗೋಡೆಯೊಳಗೆ ನುಗ್ಗುತ್ತದೆ, ಅದನ್ನು ನುಂಗಿದ ಕಣಗಳು ನೊರೆಯಂತೆ ಉಬ್ಬುತ್ತವೆ. ಆ ಗಡ್ಡೆ ಒಡೆದು ರಕ್ತ ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್. ಎಲ್‌ಡಿಎಲ್ ಅನ್ನು ಲಿವರ್ ಹೇಗೆ ಎಳೆದುಕೊಳ್ಳುತ್ತದೆಂದು ಕಂಡುಹಿಡಿದ ಬ್ರೌನ್, ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಇವು ಮನುಷ್ಯರ ರಕ್ತದಲ್ಲೂ, ಮನುಷ್ಯರ ಕಣಗಳಲ್ಲೂ ಕಂಡದ್ದು.

ಒಂದು ವ್ಯತ್ಯಾಸ ಒಪ್ಪಬೇಕು. ನಮ್ಮ ಕೊಲೆಸ್ಟ್ರಾಲಿನ ಬಹುಪಾಲು ಲಿವರ್ ಮತ್ತಿತರ ಅಂಗಗಳೇ ಮಾಡುವಂಥದ್ದು. ದಿನಕ್ಕೊಂದು ಮೊಟ್ಟೆಗಿಂತ ಬೆಣ್ಣೆ, ತುಪ್ಪದ ಕೊಬ್ಬೇ ಎಲ್‌ಡಿಎಲ್ ಏರಿಸುವುದು ಹೆಚ್ಚು. (ದಾವಣಗೆರೆಯವರು ಬೇಸರ ಮಾಡ್ಕೋಬಾರದು.)

ಅನಿಚ್ಕೊವ್ 1946ರಿಂದ 1953ರವರೆಗೆ ಸೋವಿಯತ್ ವೈದ್ಯಕೀಯ ವಿಜ್ಞಾನಗಳ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1964ರಲ್ಲಿ ತೀರಿಕೊಂಡರು. ಮೊದಲ ಸ್ಟ್ಯಾಟಿನ್ ಮಾತ್ರೆ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಕಂಪನಿಯ ಕಟ್ಟುಕತೆ ಅನ್ನೋರು ಈ ಎರಡು ಇಸವಿ ನೋಡಲಿ.

ಮಾತ್ರೆ ಬಿಡುವ ನಿರ್ಧಾರ ವೈದ್ಯರನ್ನು ಕೇಳದೆ ಬೇಡ ಎಂದು ಓದುಗರಿಗೆ ಬರೆದೆವು. ಸೋಮವಾರ ಲಿಪಿಡ್ ಪ್ರೊಫೈಲ್ ರಿಪೋರ್ಟ್ ಹಿಡಿದು ತಂದೆಯನ್ನು ದಾವಣಗೆರೆಗೆ ಕರೆದೊಯ್ಯುತ್ತಾರಂತೆ.