ತಪ್ಪನ್ನು ತಾನೇ ತೋರಿಸುವ ಆಟಿಕೆ

ಚಿಕ್ಕ ಮಕ್ಕಳಿಗೆ ಕೋಡಿಂಗ್ ಕಲಿಸುವ ಆ್ಯಪ್ ಒಂದರ ಕೆಲಸದಲ್ಲಿದ್ದೆ. ತಪ್ಪು ಬ್ಲಾಕ್ ಇಟ್ಟರೆ ಕೆಂಪು ಗುರುತು ಬಂದು ಸದ್ದಾಗುವಂತೆ ನಾನೇ ಬರೆದಿದ್ದೆ. ಐದು ವರ್ಷದ ನನ್ನ ಮಗಳು ಎರಡು ಸಲ ಆ ಸದ್ದು ಕೇಳಿ, ಟ್ಯಾಬ್ ನನ್ನ ಕೈಗಿಟ್ಟು ಎದ್ದು ಹೋದಳು. ಆಮೇಲೆಯೇ ನಾನು ಮಾರಿಯಾ ಮಾಂಟೆಸೊರಿಯವರ ಬದುಕನ್ನು ಓದತೊಡಗಿದ್ದು.

1870ರ ಆಗಸ್ಟ್ 31ರಂದು ಇಟಲಿಯಲ್ಲಿ ಹುಟ್ಟಿದ ಅವರು, ಹೆಣ್ಣುಮಕ್ಕಳು ಡಾಕ್ಟರ್ ಆಗುವುದೇ ಅಪರೂಪವಾಗಿದ್ದ ಕಾಲದಲ್ಲಿ, 1896ರಲ್ಲಿ ರೋಮ್‌ನಲ್ಲಿ ವೈದ್ಯಕೀಯ ಪದವಿ ಪಡೆದರು. ಬುದ್ಧಿ ಬೆಳೆದಿಲ್ಲವೆಂದು ಮೂಲೆಗೆ ತಳ್ಳಿದ್ದ ಮಕ್ಕಳ ಜೊತೆ ಕೆಲಸ ಮಾಡುತ್ತಾ, ಮಗು ಕಲಿಯುವುದು ಕೈಯಿಂದ ಎಂದು ಕಂಡುಕೊಂಡರು. 1898ರಲ್ಲಿ ಮಗ ಮಾರಿಯೊ ಹುಟ್ಟಿದ. ಮದುವೆಯಾಗಿರಲಿಲ್ಲ; ಕೂಸನ್ನು ಹಳ್ಳಿಯಲ್ಲಿ ಬೇರೆಯವರ ಮಡಿಲಿಗೆ ಒಪ್ಪಿಸಬೇಕಾಯಿತು. ಅವನು ತಾಯಿಯ ಜೊತೆ ಬಾಳತೊಡಗಿದ್ದು ಹದಿಹರೆಯದಲ್ಲಿ.

1907ರ ಜನವರಿ 6ರಂದು ರೋಮ್‌ನ ಬಡವರ ಬಡಾವಣೆ ಸ್ಯಾನ್ ಲೊರೆಂಜೊದಲ್ಲಿ ಅವರ ಮೊದಲ 'ಮಕ್ಕಳ ಮನೆ' ಶುರುವಾಯಿತು. ಅವರ ಸಾಧನಗಳಲ್ಲಿ ಒಂದು ಮರದ ದಿಮ್ಮಿ: ಹತ್ತು ಗುಳಿ, ಬೇರೆ ಬೇರೆ ಗಾತ್ರದ ಹತ್ತು ಗುಂಡುತುಂಡು. ಒಂದು ತಪ್ಪು ಗುಳಿಗೆ ಹೋದರೂ ಕೊನೆಗೆ ಲೆಕ್ಕ ಕೂಡುವುದಿಲ್ಲ. ಟೀಚರ್ ಬಾಯಿ ತೆರೆಯಬೇಕಿಲ್ಲ; ಮಗುವೇ ತೆಗೆದು ಮತ್ತೆ ಜೋಡಿಸುತ್ತದೆ. ನಮ್ಮ ಐಟಿಯವರ ಮಾತಿನಲ್ಲಿ ಅದು ಡೀಬಗ್ಗಿಂಗ್. 1967ರಲ್ಲಿ ಮಕ್ಕಳಿಗಾಗಿ ಹುಟ್ಟಿದ ಲೋಗೋ ಭಾಷೆಗೆ ಮುಂದೆ ಸೇರಿದ ಆಮೆಯದೂ ಇದೇ ದಾರಿ. ಚೌಕ ಬರೆಯುವಾಗ ತಿರುವು ತಪ್ಪಿದರೆ ಗೆರೆ ಕೂಡುವುದಿಲ್ಲ. ಮಗುವಿನ ಕಣ್ಣಿಗೇ ಕಾಣುತ್ತದೆ.

1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಕರೆಯ ಮೇರೆಗೆ ಮಾಂಟೆಸೊರಿ ಮಗನೊಂದಿಗೆ, ನಾವು ಚೆನ್ನೈ ಕನ್ನಡಿಗರು ದಿನಾ ದಾಟಿಹೋಗುವ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು; ಬ್ರಿಟಿಷ್ ಸರ್ಕಾರ ಮಾರಿಯೊನನ್ನು ಬಂಧನದಲ್ಲಿಟ್ಟಿತು. ತಾಯಿಯ 70ನೇ ಹುಟ್ಟುಹಬ್ಬಕ್ಕೆ ಅವನನ್ನು ಬಿಟ್ಟರು. ಒಮ್ಮೆ ಮಗನನ್ನು ಬಿಟ್ಟುಕೊಟ್ಟಿದ್ದ ತಾಯಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಬೇರೇನಿತ್ತು? 1946ರವರೆಗೆ ಇಲ್ಲೇ ಇದ್ದು, ಅಡ್ಯಾರ್, ಕೊಡೈಕನಾಲ್ ಮುಂತಾದ ಕಡೆ ತಾಯಿ ಮಗ ಸೇರಿ ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. 1952ರ ಮೇ 6ರಂದು ಹಾಲೆಂಡ್‌ನಲ್ಲಿ ಅವರು ತೀರಿಕೊಂಡರು.

ಆ ಕೆಂಪು ಗುರುತನ್ನು ನಾನು ತೆಗೆದುಹಾಕಿದೆ. ಈಗ ಬ್ಲಾಕ್ ತಪ್ಪಿದರೆ ಪರದೆಯ ಇರುವೆ ಸಕ್ಕರೆ ಬಿಟ್ಟು ಬೇರೆಲ್ಲೋ ಹೋಗಿ ನಿಲ್ಲುತ್ತದೆ, ಅಷ್ಟೇ. ಮಗಳು ನಕ್ಕು ಬ್ಲಾಕ್ ಬದಲಿಸುತ್ತಾಳೆ. ಪಕ್ಕದಲ್ಲಿ ಸುಮ್ಮನೆ ಕೂರುವುದನ್ನು ನಾನಿನ್ನೂ ಕಲಿಯುತ್ತಿದ್ದೇನೆ.